ನೆಟ್ ಇದ್ದ ಮೇಲೆ ಪೈಗೆ ಬೇರೆ ಗಡಿಯಾರ ಯಾಕೆ?

ನಮ್ಮ ತೋಟದ ಮಳೆಮಾಪಕ ನೋಡಲು ಬಂದವರು ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. ರಾಸ್ಪ್‌ಬೆರಿ ಪೈ ಅನ್ನುವ ಸಣ್ಣ ಕಂಪ್ಯೂಟರ್ ಇದೆ ಸರಿ, ಅದರ ಪಕ್ಕದಲ್ಲಿ ಬಟನ್ ಸೆಲ್ ಹಾಕಿದ ಈ ಪುಟ್ಟ ಬೋರ್ಡ್ ಯಾಕೆ? ಟೈಮು ಇಂಟರ್ನೆಟ್‌ನಿಂದ ತಾನಾಗೇ ಬರುತ್ತಲ್ಲ? ಕಳೆದ ತಿಂಗಳು ಭಾವನೂ ಇದನ್ನೇ ಕೇಳಿದರು. ಪ್ರತಿ ಸಲ ಅರ್ಧರ್ಧ ಹೇಳಿ ಬಿಡುತ್ತೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ಬರುತ್ತದೆ. ನೆಟ್ ಇದ್ದಾಗ ಬರುತ್ತದೆ. ಆದರೆ ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಇಲ್ಲಿ ಆರಿದ್ರಾ ಮಳೆ ಹಿಡಿದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಫೈಬರ್ ಕೇಬಲ್ಲೂ ಹರಿದಿರುತ್ತದೆ, ಟವರ್‌ನ ಬ್ಯಾಟರಿ ಮುಗಿದು ಮೊಬೈಲ್‌ನಲ್ಲಿ ಒಂದು ಕಡ್ಡಿಯೂ ಇರುವುದಿಲ್ಲ. ಲೈನ್‌ಮನ್ ಮಳೆಯಲ್ಲೇ ಬಂದು ಕಂಬ ಹತ್ತಿ ಕರೆಂಟು ಕೊಟ್ಟರೂ ನೆಟ್ ಬರಲು ಇನ್ನೊಂದು ದಿನ ಬೇಕು. ಪೈ ಆನ್ ಆಗುತ್ತದೆ, ಮಳೆ ಎಣಿಸಲು ಶುರು ಮಾಡುತ್ತದೆ, ಆದರೆ ಗಂಟೆ ಎಷ್ಟು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಜೋರು ಮಳೆಯ ಲೆಕ್ಕ ಬೇಕಾದ ಹೊತ್ತಿಗೇ ಹೀಗಾಗುತ್ತದೆ. ಬಿಸಿಲಿದ್ದಾಗ ಟೈಮು ಸರಿ ಇದ್ದು ಏನು ಪ್ರಯೋಜನ?

ಮನೆಯ ಕಂಪ್ಯೂಟರ್‌ನ ಮದರ್‌ಬೋರ್ಡ್ ಬಿಚ್ಚಿ ನೋಡಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ಸಿಆರ್2032 ಅಂತ ಒಂದು ಬಟನ್ ಸೆಲ್ ಇರುತ್ತದೆ. ಪ್ಲಗ್ ಕಿತ್ತರೂ ಒಳಗಿನ ಗಡಿಯಾರ ಅದರ ಬಲದಲ್ಲಿ ಓಡುತ್ತಾ ಇರುತ್ತದೆ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಅಂಥ ಗಡಿಯಾರವೇ ಇಲ್ಲ. ನಾನು ಪಕ್ಕದಲ್ಲಿ ಹಾಕಿದ ಪುಟ್ಟ ಬೋರ್ಡ್ ಅಂಥದ್ದೇ ಒಂದು ಗಡಿಯಾರ. ಅಂಥ ಗಡಿಯಾರದ ಬದಲಿಗೆ ಪೈಗಳ ಓಎಸ್‌ನಲ್ಲಿ ‘ಫೇಕ್ ಎಚ್‌ಡಬ್ಲ್ಯೂ ಕ್ಲಾಕ್’ ಅಂತ ಒಂದು ಸಣ್ಣ ಪ್ರೋಗ್ರಾಂ ಇರುತ್ತಿತ್ತು. ಗಂಟೆಗೊಮ್ಮೆ, ಮತ್ತೆ ಶಟ್‌ಡೌನ್ ಆಗುವಾಗ, ಅದು ಆಗಿನ ಟೈಮನ್ನು ಫೈಲಿನಲ್ಲಿ ಬರೆದಿಡುತ್ತದೆ. ಮುಂದಿನ ಸಲ ಆನ್ ಆದಾಗ ಅಲ್ಲಿಂದಲೇ ಎಣಿಕೆ ಮುಂದುವರಿಯುತ್ತದೆ. ಹಾಗಾಗಿ ಕರೆಂಟು ಇಲ್ಲದ ಹೊತ್ತು ಪೈ ಪಾಲಿಗೆ ನಡೆದೇ ಇಲ್ಲ. ರಾತ್ರಿ 10ಕ್ಕೆ ಹೋದ ಕರೆಂಟು ಬೆಳಿಗ್ಗೆ 6ಕ್ಕೆ ಬಂದರೆ ಅದಕ್ಕಿನ್ನೂ ರಾತ್ರಿ 10 ಗಂಟೆ, ಅಥವಾ ಅದಕ್ಕೂ ಸ್ವಲ್ಪ ಹಿಂದೆ. ದಿನಕ್ಕೆ ನಾಲ್ಕು ಸಲ ಹೋಗಿ ಬಂದರೆ ನಾಲ್ಕೂ ಸಲದ ಹೊತ್ತು ಕಳೆದು ಹೋಗುತ್ತದೆ.

ನನಗೆ ಇದು ಗೊತ್ತಾದದ್ದು ಅಪ್ಪನ ನೋಟ್‌ಬುಕ್‌ನಿಂದ. ಅಪ್ಪ ಅಂಗಳದಲ್ಲಿ ಹಳೆಯ ಮಳೆಮಾಪಕ ಇಟ್ಟಿದ್ದಾರೆ, ಗಾಜಿನ ಅಳತೆ ಜಾಡಿ ಇರುವಂಥದ್ದು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೋಡಿ ಬರೆಯುತ್ತಾರೆ. ಭಾರತದ ಹವಾಮಾನ ಇಲಾಖೆಯ ಲೆಕ್ಕದಲ್ಲೂ ಮಳೆಯ ದಿನ ಮುಗಿಯುವುದು 8.30ಕ್ಕೇ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ ಹೇಳಿದರೆ ಸರಿಯಾಗಿ 3 ಗಂಟೆ. ನಾನು ಹಾಕಿದ್ದು ಟಿಪ್ಪಿಂಗ್ ಬಕೆಟ್. ಒಳಗೆ ಏತದ ಹಾಗೆ ವಾಲುವ ಎರಡು ಪುಟ್ಟ ಬಟ್ಟಲು, 0.2 ಮಿ.ಮೀ. ಮಳೆಗೆ ಒಂದು ಸಲ ವಾಲುತ್ತದೆ, ಅದರ ಅಯಸ್ಕಾಂತ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್) ದಾಟುತ್ತದೆ, ಪೈ ಒಂದು ಎಣಿಸಿ ಟೈಮು ಬರೆದುಕೊಳ್ಳುತ್ತದೆ. ಒಂದು ಜುಲೈನಲ್ಲಿ ಮೂರು ದಿನ ಕರೆಂಟು ಬಂದು ಹೋಗಿ ಮಾಡಿತು. ಆಮೇಲೆ ಎರಡೂ ಲೆಕ್ಕ ಪಕ್ಕದಲ್ಲಿಟ್ಟು ನೋಡಿದೆ. ಅಪ್ಪನ ಪುಸ್ತಕದಲ್ಲಿ ಬುಧವಾರದ ಕಾಲಂನಲ್ಲಿದ್ದ ಮಳೆಯ ಬಹುಪಾಲು ನನ್ನದರಲ್ಲಿ ಮಂಗಳವಾರಕ್ಕೆ ಸೇರಿತ್ತು. ಬೆಳಿಗ್ಗೆ ಬಿದ್ದ ಮಳೆಗೆ ಹಿಂದಿನ ಸಂಜೆಯ ಟೈಮು ಬಿದ್ದಿತ್ತು. ನೆಟ್ ಬಂದ ಕ್ಷಣ ಟೈಮು ಒಮ್ಮೆಲೇ ಹದಿನಾಲ್ಕು ಗಂಟೆ ಮುಂದೆ ಹಾರಿತ್ತು. ಅಪ್ಪ ಏನೂ ಹೇಳಲಿಲ್ಲ. ನನಗೆ ಮಾತ್ರ ತುಂಬಾ ಬೇಜಾರಾಯಿತು. ಆ ಲೆಕ್ಕವನ್ನು ಸರಿ ಮಾಡಲು ಈಗಲೂ ದಾರಿಯಿಲ್ಲ.

ಗಂಟೆ ಆಚೀಚೆ ಆದರೆ ಏನಾಯಿತು ಅಂತಲೂ ಕೆಲವರು ಕೇಳುತ್ತಾರೆ. ಅಡಿಕೆ ಬೆಳೆಯುವವರು ಕೇಳುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಎಷ್ಟು ಹೊತ್ತು ಬಿಡುವು ಕೊಟ್ಟಿತು, ಹೊಡೆದು ಎಷ್ಟು ಗಂಟೆಗೆ ಮತ್ತೆ ಸುರಿಯಿತು, ಗೊನೆ ಮೇಲೆ ಔಷಧಿ ಒಣಗಿತ್ತೋ ಇಲ್ಲವೋ, ಎಲ್ಲ ಗಂಟೆ ಲೆಕ್ಕದ ಮೇಲೇ ನಿಂತಿದೆ. ದಿನದ ಮೊತ್ತ ಸಾಕು ಅಂದರೆ ಅಪ್ಪನ ಜಾಡಿಯೇ ಸಾಕಿತ್ತು, ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪೈ ಆಫ್ ಇದ್ದಾಗ ಬಿದ್ದ ಮಳೆ ಈ ಗಡಿಯಾರ ಹಾಕಿದರೂ ಸಿಗುವುದಿಲ್ಲ. ಅದಕ್ಕೆ ಬೇರೆ ಬ್ಯಾಟರಿ ಬೇಕು. ಗಡಿಯಾರ ಇದ್ದರೆ, ಎಷ್ಟು ಹೊತ್ತಿನ ಲೆಕ್ಕ ಇಲ್ಲ ಅನ್ನುವುದಾದರೂ ಸರಿಯಾಗಿ ಗೊತ್ತಾಗುತ್ತದೆ.

ಇನ್ನು ಯಾವುದನ್ನು ಕೊಳ್ಳಬೇಕು ಅನ್ನುವ ವಿಷಯ. ಅಂಗಡಿಯಲ್ಲಿ ಡಿಎಸ್1307, ಡಿಎಸ್3231 ಅನ್ನುವ ಎರಡು ಗಡಿಯಾರ ಚಿಪ್ಪಿನ ಬೋರ್ಡ್ ಸಿಗುತ್ತವೆ. ಸುಮ್ನೆ ಡಿಎಸ್3231 ತೆಗೆದುಕೊಳ್ಳಿ. ಇಂಥ ಗಡಿಯಾರಗಳೆಲ್ಲ ಸೆಕೆಂಡಿಗೆ 32,768 ಸಲ ಕಂಪಿಸುವ ಕ್ರಿಸ್ಟಲ್ ಮೇಲೆ ನಡೆಯುತ್ತವೆ. ಸೆಖೆ, ಚಳಿ ಬದಲಾದ ಹಾಗೆ ಆ ಕಂಪನ ಸ್ವಲ್ಪ ಏರುಪೇರಾಗುತ್ತದೆ. ಡಿಎಸ್1307ರಲ್ಲಿ ಕ್ರಿಸ್ಟಲ್ ಹೊರಗಿರುತ್ತದೆ, ಈ ಏರುಪೇರನ್ನು ಸರಿಪಡಿಸುವವರು ಯಾರೂ ಇಲ್ಲ. ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ವರ್ಷಕ್ಕೆ ಹತ್ತು ನಿಮಿಷ ವ್ಯತ್ಯಾಸ. ಡಿಎಸ್3231ರಲ್ಲಿ ಕ್ರಿಸ್ಟಲ್ ಚಿಪ್‌ನ ಒಳಗೇ ಇದೆ, ಉಷ್ಣತೆ ಅಳೆದು ತಾನೇ ತಿದ್ದಿಕೊಳ್ಳುತ್ತದೆ. 0ಯಿಂದ 40 ಡಿಗ್ರಿವರೆಗೆ ಹತ್ತು ಲಕ್ಷಕ್ಕೆ 2 ಪಾಲು ಮಾತ್ರ ತಪ್ಪು, ವರ್ಷಕ್ಕೆ ಒಂದು ನಿಮಿಷ ಅಷ್ಟೇ. ಜೊತೆಗೆ ಡಿಎಸ್1307ಗೆ 5 ವೋಲ್ಟ್ ಬೇಕು, ಪೈಯ ಪಿನ್‌ಗಳು 3.3 ವೋಲ್ಟ್‌ನವು. ಆ ತಲೆನೋವೂ ಬೇಡ.

ಆದರೆ ಡಿಎಸ್3231 ಬೋರ್ಡ್‌ಗಳಲ್ಲೂ ಒಂದು ವಿಷಯ ನೋಡಲೇಬೇಕು. ನಾನು ಇದನ್ನು ಎಲ್ಲರಿಗೂ ಎರಡೆರಡು ಸಲ ಹೇಳುತ್ತೇನೆ. ಜಾಸ್ತಿ ಸಿಗುವ ನೀಲಿ ಬೋರ್ಡ್ ಮೇಲೆ ‘ಝೆಡ್‌ಎಸ್-042’ ಅಂತ ಬರೆದಿರುತ್ತದೆ. ಅದರಲ್ಲಿ ಸೆಲ್ ಚಾರ್ಜ್ ಮಾಡಲು ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಒಂದು 200 ಓಮ್ ರೆಸಿಸ್ಟರ್ ಇಟ್ಟಿದ್ದಾರೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ. ಬೋರ್ಡ್‌ಗೆ 5 ವೋಲ್ಟ್ ಕೊಟ್ಟರೆ ಸೆಲ್ ಕಡೆಗೆ ನಾಲ್ಕೂವರೆ ವೋಲ್ಟ್ ಆಸುಪಾಸು ಹೋಗುತ್ತಾ ಇರುತ್ತದೆ. ಸೆಲ್ ಉಬ್ಬುತ್ತದೆ, ಸೋರುತ್ತದೆ, ಒಡೆಯಲೂಬಹುದು. ಚಾರ್ಜ್ ಆಗುವ ಎಲ್‌ಐಆರ್2032 ಹಾಕಿದರೂ 4.2 ವೋಲ್ಟ್ ಅದರ ಮಿತಿ. ಅದಕ್ಕೇ ಬೋರ್ಡ್‌ಗೆ 5 ವೋಲ್ಟ್ ಕೊಡಲೇಬೇಡಿ, 3.3 ಕೊಡಿ. ಆಗ ಸೆಲ್ ಕಡೆಗೆ ಹೋಗುವ ವೋಲ್ಟೇಜ್ ಸೆಲ್‌ನದಕ್ಕಿಂತ ಕಡಿಮೆ ಆಗುತ್ತದೆ. ನಾನು ಅದಕ್ಕೂ ಮೀರಿ ಆ ಡಯೋಡನ್ನೇ ಬೆಸುಗೆ ಬಿಡಿಸಿ ತೆಗೆದಿದ್ದೇನೆ. ಡಬ್ಬಿ ಇರುವುದು ಮನೆಯ ಜಗಲಿಯ ಮೇಲೆ, ಮಕ್ಕಳು ಓಡಾಡುವ ಜಾಗ.

ಜೋಡಿಸುವುದು ಹತ್ತು ನಿಮಿಷದ ಕೆಲಸ. ಪೈಯ 1ನೇ ಪಿನ್ 3.3 ವೋಲ್ಟ್, 3ನೇದು ಎಸ್‌ಡಿಎ, 5ನೇದು ಎಸ್‌ಸಿಎಲ್, 9ನೇದು ಗ್ರೌಂಡ್. ನಾಲ್ಕು ವಯರ್ ಅಷ್ಟೇ. ಪವರ್ ತೆಗೆದೇ ಜೋಡಿಸಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಐ2ಸಿ (ಆ ಎರಡು ವಯರ್ ಮೂಲಕ ಪೈ ಚಿಪ್ ಜೊತೆ ಮಾತಾಡುವ ದಾರಿ) ಆನ್ ಮಾಡಿ, ‘ಐ2ಸಿ ಡಿಟೆಕ್ಟ್’ ಓಡಿಸಿದರೆ ಚಿಪ್ಪಿನ ವಿಳಾಸ 68 ಅಂತ ಕಾಣಬೇಕು. ನೀಲಿ ಬೋರ್ಡ್‌ನಲ್ಲಿ 57 ಕೂಡ ಕಾಣುತ್ತದೆ, ಅದು ಜೊತೆಗಿರುವ ಮೆಮೊರಿ ಚಿಪ್, ಗಾಬರಿ ಬೇಡ. ಬೂಟ್ ಫೋಲ್ಡರ್‌ನ ಕಾನ್ಫಿಗ್ ಫೈಲಿನಲ್ಲಿ ಡಿಟಿ-ಓವರ್‌ಲೇ ಸಾಲಿಗೆ ಐ2ಸಿ-ಆರ್‌ಟಿಸಿ, ಅಲ್ಪವಿರಾಮ, ಡಿಎಸ್3231 ಅಂತ ಸೇರಿಸಿ ರೀಬೂಟ್ ಮಾಡಿ. ಈಗ 68 ಇದ್ದ ಜಾಗದಲ್ಲಿ ‘ಯುಯು’ ಅಂತ ಬಂದರೆ ಓಎಸ್ಸಿನ ತಿರುಳಾದ ಕರ್ನಲ್ ಆ ಚಿಪ್ಪನ್ನು ತನ್ನದು ಮಾಡಿಕೊಂಡಿದೆ ಅಂತ ಅರ್ಥ. ಫೇಕ್ ಗಡಿಯಾರದ ಪ್ರೋಗ್ರಾಂ ಇದ್ದರೆ ತೆಗೆದುಹಾಕಿ.

ಕೊನೆಯ ಹೆಜ್ಜೆ, ಚಿಪ್ಪಿನ ಟೈಮು ಓದುವ, ಬರೆಯುವ ‘ಎಚ್‌ಡಬ್ಲ್ಯೂ ಕ್ಲಾಕ್’ ಕಮಾಂಡ್. ಪೈಯ ಓಎಸ್ಸಿಗೆ ಮೂಲವಾದ ಡೆಬಿಯನ್ 12ರಿಂದ ಈಚೆಗೆ ಅದು ‘ಯುಟಿಲ್-ಲಿನಕ್ಸ್-ಎಕ್ಸ್‌ಟ್ರಾ’ ಪ್ಯಾಕೇಜ್‌ನಲ್ಲಿದೆ, ಕಮಾಂಡ್ ಇಲ್ಲ ಅಂದರೆ ಅದನ್ನು ಇನ್‌ಸ್ಟಾಲ್ ಮಾಡಿ. ಹೊಸ ಚಿಪ್ ಓದಿದರೆ 2000ನೇ ಇಸವಿ ಅಥವಾ ಎರರ್ ಬರಬಹುದು. ಇನ್ನೂ ಟೈಮೇ ಬರೆದಿಲ್ಲವಲ್ಲ. ಮೊದಲು ನೆಟ್‌ಗೆ ಕನೆಕ್ಟ್ ಮಾಡಿ, ಪೈಯ ಟೈಮು ಸರಿ ಇದೆಯಾ ಅಂತ ಕಣ್ಣಾರೆ ನೋಡಿ, ಆಮೇಲಷ್ಟೇ ಚಿಪ್‌ಗೆ ಬರೆಯಿರಿ. ಈ ಕ್ರಮ ತಪ್ಪಿಸಬೇಡಿ. ತಪ್ಪು ಟೈಮು ಬರೆದರೆ ಚಿಪ್ ಆ ತಪ್ಪನ್ನೇ ಕಾಪಾಡಿಕೊಂಡು ಹೋಗುತ್ತದೆ. ಚಿಪ್‌ನೊಳಗೆ ಯುಟಿಸಿ ಇರಲಿ, ಐದೂವರೆ ಗಂಟೆ ಸೇರಿಸಿ ತೋರಿಸುವ ಕೆಲಸ ಪೈ ಮಾಡುತ್ತದೆ.

ಪರೀಕ್ಷೆ ಹೀಗೆ ಮಾಡಿ: ವೈಫೈ ಆಫ್ ಮಾಡಿ, ಪೈಯನ್ನು ಶಟ್‌ಡೌನ್ ಮಾಡಿ ಪ್ಲಗ್ ಕಿತ್ತು, ಊಟ ಮಾಡಿಕೊಂಡು ಬಂದು ಆನ್ ಮಾಡಿ. ಗೋಡೆ ಗಡಿಯಾರದ ಜೊತೆ ಹೊಂದಿದರೆ ಆಯಿತು.

ಪೈ 5 ತಗೊಂಡವರು ನಮಗೆ ಇದೆಲ್ಲ ಬೇಡ ಅನ್ನುತ್ತಾರೆ. 2023ರಲ್ಲಿ ಬಂದ ಅದರಲ್ಲಿ ಗಡಿಯಾರ ಬೋರ್ಡ್‌ನಲ್ಲೇ ಇದೆ, ನಿಜ. ಆದರೆ ಬ್ಯಾಟರಿ ಇಲ್ಲ. ಅದಕ್ಕಾಗಿ ಇರುವ ಎರಡು ಪಿನ್‌ನ ಸಾಕೆಟ್‌ಗೆ ಬ್ಯಾಟರಿ ಹಾಕದಿದ್ದರೆ ಅದೂ ಮರೆಯುತ್ತದೆ. ಪೈ ಕಂಪನಿಯದೇ ಬ್ಯಾಟರಿ ಚಾರ್ಜ್ ಆಗುವ ಥರದ್ದು, ಆದರೆ ಚಾರ್ಜಿಂಗ್ ಮೊದಲಿಗೆ ಆಫ್ ಇರುತ್ತದೆ, ಕಾನ್ಫಿಗ್ ಫೈಲಿನಲ್ಲಿ ನಾವೇ ಆನ್ ಮಾಡಬೇಕು. ಮಾಮೂಲಿ ಸೆಲ್ ಹಾಕಿದವರು ಅದನ್ನು ಆನ್ ಮಾಡಲೇಬಾರದು.

ಸೆಲ್ ಹಲವು ವರ್ಷ ಬರುತ್ತದೆ. ನಮ್ಮ ಕಡೆ ಸೆಲ್‌ಗಿಂತ ಮೊದಲು ಹಾಳಾಗುವುದು ಅದನ್ನು ಹಿಡಿದಿರುವ ಲೋಹದ ಪಟ್ಟಿ, ಮಳೆಗಾಲದ ಥಂಡಿಗೆ ಕಿಲುಬು ಹಿಡಿಯುತ್ತದೆ. ಇರುವೆಗಳೂ ಒಳಗೆ ಮನೆ ಮಾಡುತ್ತವೆ. ಹಾಗಾಗಿ ಪ್ರತಿ ಮೇನಲ್ಲಿ, ತೋಟದ ಬಸಿಗಾಲುವೆ ಬಿಡಿಸುವ ಹೊತ್ತಿಗೆ, ನಾನು ಡಬ್ಬಿ ಬಿಚ್ಚಿ ಪಟ್ಟಿ ಒರೆಸಿ, ಸೆಲ್‌ನ ವೋಲ್ಟೇಜ್ ಮೀಟರ್‌ನಲ್ಲಿ ನೋಡಿ, ಹೊಸ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚುತ್ತೇನೆ. ಈ ಸಲ ಭಾವ ತಮ್ಮ ತೋಟಕ್ಕೂ ಒಂದು ಬೇಕು ಅಂದಿದ್ದಾರೆ. ಡಯೋಡ್ ತೆಗೆದು ಒಂದು ಬೋರ್ಡ್ ಅವರಿಗೆ ಎತ್ತಿಟ್ಟಿದ್ದೇನೆ.