ಶುಗರ್ ಇರೋ ಕೂಸಿಗೆ ಅಷ್ಟ್ಯಾಕ ತಿನ್ನಸ್ತೀರಿ?

ವಿಜಯಪುರದಲ್ಲಿ ನಮ್ಮ ಬಳಗ ದೊಡ್ಡದು. ಮದುವೆ, ಕುಬಸ, ತೊಟ್ಟಿಲು ಅಂತ ತಿಂಗಳಿಗೆ ಎರಡು ಊಟ ತಪ್ಪುವುದಿಲ್ಲ. ಮಗಳು ಎರಡನೇ ರೊಟ್ಟಿಗೆ ಕೈ ಚಾಚಿದ ಕೂಡಲೇ ಯಾರಾದರೊಬ್ಬರು ನನ್ನ ಪಕ್ಕಕ್ಕೆ ಸರಿದು ಕೇಳುತ್ತಾರೆ. “ಶುಗರ್ ಇರೋ ಕೂಸಿಗೆ ಅಷ್ಟ್ಯಾಕ ತಿನ್ನಸ್ತೀರಿ? ತಡಕೊಳ್ಳೋದು ಕಲಸ್ರಿ.” ಇದೇ ಕಾಯಿಲೆ ಹೊಸದಾಗಿ ಗೊತ್ತಾದ ಮಕ್ಕಳ ಅಮ್ಮಂದಿರು ಫೋನಿನಲ್ಲಿ ಇದನ್ನೇ ಅಳುತ್ತಾ ಕೇಳುತ್ತಾರೆ. “ದಿನಾ ಪೂರ್ತಿ ಹಸಿವು ಹಸಿವು ಅಂತೈತ್ರಿ ಅಕ್ಕಾ, ಏನ್ ಮಾಡ್ಲಿ?”

ಇಬ್ಬರಿಗೂ ನನ್ನ ಉತ್ತರ ಒಂದೇ. ಊಟ ಕೊಡಿ. ಆದರೆ ಮೊದಲು ಬೆರಳು ಚುಚ್ಚಿ ಶುಗರ್ ನೋಡಿ.

ಮಗಳಿಗೆ ಈಗ ಐದು ವರ್ಷ. ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾದಾಗ ಮೂರೂವರೆ. ಅದಕ್ಕೂ ಮುಂಚೆ ಸುಮಾರು ಒಂದು ತಿಂಗಳು ಅವಳು ಕಂಡದ್ದೆಲ್ಲ ತಿನ್ನುತ್ತಿದ್ದಳು, ಆದರೂ ಫ್ರಾಕು ಸಡಿಲವಾಗುತ್ತಾ ಹೋಯಿತು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. “ಹುಳ ಆಗ್ಯಾವ” ಅಂದರು. ನಾವೂ ಹುಳದ ಔಷಧ ಕುಡಿಸಿ ಸುಮ್ನೆ ಕೂತೆವು.

ನಮ್ಮ ಕಡೆಯವರಿಗೆ ಇದನ್ನು ನಾನು ಹಗೇವಿನ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಯ, ಲೆಕ್ಕದಲ್ಲಿ ಹೇಳುತ್ತೇನೆ. ಹಗೇವಿನ ತುಂಬ ಜೋಳ ಇದೆ, ಆದರೆ ಬಾಯಿ ತೆಗೆದು ಇಳಿಯುವ ಆಳಿಲ್ಲ. ಮನೆಮಂದಿ ಉಪವಾಸ. ಇನ್ಸುಲಿನ್ ಅಂದರೆ ಆ ಆಳು. ಅದನ್ನು ಮಾಡುವ ಜೀವಕೋಶಗಳನ್ನು ಮಗುವಿನ ಮೈಯೇ ತಪ್ಪು ತಿಳಿದು ಕೊಂದುಹಾಕಿರುತ್ತದೆ. ರಕ್ತದಲ್ಲಿ ಸಕ್ಕರೆ ಉಕ್ಕುತ್ತಿದ್ದರೂ ಅದು ಮೈಗೆ ಹತ್ತುವುದಿಲ್ಲ, ಮೂತ್ರದಲ್ಲಿ ಹರಿದುಹೋಗುತ್ತದೆ. ಕೂಸು ನಿಜವಾಗಿಯೂ ಹಸಿದಿರುತ್ತದೆ, ಅದು ಬಾಯಿ ಚಪಲ ಅಲ್ಲ.

ಹಾಗಾಗಿ ಮೀಟರ್ 300 ತೋರಿಸುವಾಗಿನ ಹಸಿವಿಗೆ ಬೇಕಾದದ್ದು ರೊಟ್ಟಿಗಿಂತ ಮೊದಲು ಇನ್ಸುಲಿನ್. ಎಷ್ಟು ಅನ್ನುವುದು ಡಾಕ್ಟರ್ ಬರೆದುಕೊಟ್ಟಿರುತ್ತಾರೆ. ದಿನಾ ಹೀಗೇ ಆಗುತ್ತಿದ್ದರೆ ಡೋಸ್ ಸಾಲುತ್ತಿಲ್ಲ ಅಂತ ಅರ್ಥ, ಅವರಿಗೆ ಫೋನ್ ಮಾಡಬೇಕು. 70ಕ್ಕಿಂತ ಕೆಳಗಿದ್ದರೆ ಅದು ಬೇರೆಯೇ ಹಸಿವು. ಮುಖ ಬಿಳಚುತ್ತದೆ, ಕೈ ನಡುಗುತ್ತದೆ, ಸುಮ್ಮಸುಮ್ಮನೆ ಅಳು. ಆಗ ಯೋಚನೆ ಮಾಡುತ್ತಾ ನಿಲ್ಲಬಾರದು. 17 ಕಿಲೋ ತೂಕದ ನನ್ನ ಮಗಳಿಗೆ ಒಂದು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸುತ್ತೇನೆ, 15 ನಿಮಿಷಕ್ಕೆ ಮತ್ತೆ ಚುಚ್ಚುತ್ತೇನೆ. ಕರದಂಟು, ಚಾಕೊಲೇಟು ಆಗ ಕೆಲಸಕ್ಕೆ ಬರುವುದಿಲ್ಲ. ತುಪ್ಪ, ಕೊಬ್ಬು ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದೇ ತಡ. ಇನ್ನು ನಂಬರ್ ಸರಿಯಾಗಿದ್ದೂ ಹಸಿವು ಅಂದರೆ? ಐದು ವರ್ಷದ ಕೂಸು, ಓಣಿಯಲ್ಲಿ ಓಡಾಡಿ ಬಂದಿದೆ. ಹಸಿವಾಗದೆ ಇನ್ನೇನು!

ಇನ್ಸುಲಿನ್ ಶುರುವಾದ ಮೊದಲ ವಾರಗಳ ಹಸಿವನ್ನಂತೂ ನೋಡಿಯೇ ನಂಬಬೇಕು. ಕಳೆದುಕೊಂಡ ತೂಕವನ್ನು ಮೈ ವಾಪಸ್ ಕೇಳುತ್ತದೆ. ಮೂರೂವರೆ ವರ್ಷದವಳು ನನ್ನ ಸಮಕ್ಕೆ ಉಣ್ಣುತ್ತಿದ್ದಳು. ತೂಕ ಮರಳಿದ ಮೇಲೆ ತಾನಾಗಿಯೇ ಇಳಿಯಿತು.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ಊಟಗಳ ನಡುವೆ ಹಸಿವು ಅಂದಾಗಲೆಲ್ಲ ಸವತಿಕಾಯಿ ಕೊಡುತ್ತಿದ್ದೆ. ಶುಗರ್ ಏರುವುದಿಲ್ಲ, ಸೂಜಿಯೂ ಬೇಡ ಅಂತ. ಬೆಳಗ್ಗೆ ಸವತಿಕಾಯಿ, ಸಂಜೆ ಸವತಿಕಾಯಿ. ಒಂದು ರಾತ್ರಿ ಮೀಟರ್ 340 ತೋರಿಸಿತು. ಕಾರಣವೇ ತಿಳಿಯಲಿಲ್ಲ. ಮರುದಿನ ಹಿಟ್ಟಿನ ಡಬ್ಬಿಯ ಹಿಂದೆ ಕೂತಿದ್ದವಳನ್ನು ಹಿಡಿದೆ. ಮುಷ್ಟಿಯಲ್ಲಿ ಬೆಲ್ಲ, ಗದ್ದದ ತನಕ ಅಂಟು. “ನಾ ತಿಂದಿಲ್ಲವ್ವಾ” ಅಂದಳು. ಮೊದಲ ಸಲ ಸುಳ್ಳು ಹೇಳಿದ್ದು. ಅವಳ ಕಳ್ಳತನಕ್ಕಿಂತ ನನ್ನ ಸವತಿಕಾಯಿಯೇ ದೊಡ್ಡ ತಪ್ಪು ಅಂತ ಅವತ್ತು ಅನ್ನಿಸಿತು.

ನೂರು ವರ್ಷದ ಹಿಂದೆ ಇದೇ ಮಕ್ಕಳನ್ನು ಬೇಕಂತಲೇ ಹಸಿವಿನಲ್ಲಿ ಇಡುತ್ತಿದ್ದರು. ಅಮೆರಿಕದ ಫ್ರೆಡರಿಕ್ ಅಲೆನ್ ಎಂಬ ಡಾಕ್ಟರ ಪಥ್ಯ ಅದು. ಬೇರೆ ದಾರಿ ಇರಲಿಲ್ಲ ಅವರಿಗೆ. ಮಕ್ಕಳು ಮೂಳೆ ಚಕ್ಕಳ ಆಗಿ ಒಂದೆರಡು ವರ್ಷ ಹೆಚ್ಚು ಬದುಕುತ್ತಿದ್ದರು, ಅಷ್ಟೇ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚಿದ ಮೇಲೆ ಆ ಕಾಲ ಮುಗಿಯಿತು. “ತಡಕೊಳ್ಳೋದು ಕಲಸ್ರಿ” ಅನ್ನುವವರು ಇನ್ನೂ 1921ರಲ್ಲೇ ಇದ್ದಾರೆ.

ಹಾಗಂತ ಕೇಳಿದಾಗಲೆಲ್ಲ ಒಂದೊಂದು ಬಿಸ್ಕಿಟು ಕೊಟ್ಟು, ಒಂದೊಂದಕ್ಕೂ ಸೂಜಿ ಹಾಕುತ್ತಾ ಹೋಗುವಂತಿಲ್ಲ. ಬೇಗ ಕೆಲಸ ಮಾಡುವ ಇನ್ಸುಲಿನ್ ಕೂಡ ಮೈಯಲ್ಲಿ ಮೂರು ನಾಲ್ಕು ತಾಸು ಇರುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಬಿದ್ದರೆ ಎಲ್ಲ ಸೇರಿ ಶುಗರ್ ಕುಸಿಯುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಮೂರು ಊಟ, ಎರಡು ತಿಂಡಿ. ಕೂತಾಗ ಹೊಟ್ಟೆ ತುಂಬ. ಬರೀ ಅನ್ನ ಸಾರು ಉಂಡರೆ ಒಂದೂವರೆ ತಾಸಿಗೆ ಮತ್ತೆ “ಅವ್ವಾ, ಹಸಿವಾಗೇತಿ” ಶುರು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಆದರೆ ಸಂಜೆಯ ತನಕ ತಂಟೆಯಿಲ್ಲ. (ಇಡೀ ಶೇಂಗಾ ಸಣ್ಣ ಮಕ್ಕಳ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ.)

ಊಟದಲ್ಲಿ ಕಾರ್ಬ್ (ಮೈಯಲ್ಲಿ ಸಕ್ಕರೆಯಾಗುವ ಅಂಶ) ಎಷ್ಟಿದೆ ಅಂತ ನೋಡಿ ಇನ್ಸುಲಿನ್ ಹಾಕಬೇಕು, ಹಾಗಾಗಿ ರೊಟ್ಟಿಯ ಲೆಕ್ಕ ಹಿಡಿಯುವುದೇ ದೊಡ್ಡ ಕೆಲಸವಾಯಿತು. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ಚಪಾತಿ ಇತ್ತು, ಇಡ್ಲಿ ಇತ್ತು, ನಮ್ಮ ರೊಟ್ಟಿ ಇರಲಿಲ್ಲ. ಒಂದು ದಿನ ಅತ್ತೆಗೆ ಒಂದು ಕಿಲೋ ಹಿಟ್ಟು ತೂಗಿ ಕೊಟ್ಟು ಪಕ್ಕದಲ್ಲಿ ಕೂತೆ. 22 ರೊಟ್ಟಿ ಬಡಿದರು. ಒಂದಕ್ಕೆ ಸುಮಾರು 45 ಗ್ರಾಂ ಹಿಟ್ಟು, ಅಂದರೆ 30 ಗ್ರಾಂ ಆಸುಪಾಸು ಕಾರ್ಬ್. ನನ್ನ ಕೈಯ ರೊಟ್ಟಿ ದಪ್ಪ, ಅದೇ ಹಿಟ್ಟಿಗೆ 16 ಆದವು. ಈಗ ಮಗಳ ರೊಟ್ಟಿ ಅತ್ತೆಯೇ ಮಾಡಬೇಕು, ಅದೂ ಒಳ್ಳೆಯದೇ ಆಯಿತು ನನಗೆ.

ನಿಜ ಹೇಳಬೇಕೆಂದರೆ ಅವಳ ಹಸಿವು ನನಗೆ ಭಯ ಹುಟ್ಟಿಸುವುದಿಲ್ಲ. ಹಸಿವು ಸತ್ತಾಗ ಭಯ. ಶುಗರ್ 250 ದಾಟಿದೆ, ಊಟ ಬೇಡ ಅನ್ನುತ್ತಾಳೆ, ಹೊಟ್ಟೆನೋವು, ವಾಂತಿ, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಅಂದರೆ ರಕ್ತದಲ್ಲಿ ಕೀಟೋನ್ ಏರುತ್ತಿದೆ, ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ ಅದು. ಅದಕ್ಕೆ ಮನೆಮದ್ದು ಇಲ್ಲ. ಕೂಡಲೇ ಆಸ್ಪತ್ರೆ.

ಈ ಸಲ ಎಳ್ಳಮಾವಾಸ್ಯೆಗೆ ಡೋಣಿ ನದಿ ಕಡೆಯ ನಮ್ಮ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ ಬಂದು ಬನ್ನಿಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಸಜ್ಜಿರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಹೂರಣಗಡಬು. ಮಗಳು ಒಂದು ಕೈಯಲ್ಲಿ ಕಡುಬು ಹಿಡಿದು ಇನ್ನೊಂದು ಕೈಯ ಬೆರಳು ನನ್ನ ಮುಂದೆ ಚಾಚಿದಳು. 142. “ಎಷ್ಟು ತಿಂತಿ?” “ಮೂರು.” ಮೂರಕ್ಕೆ ಲೆಕ್ಕ ಹಾಕಿ ಸೂಜಿ ಹಾಕಿದೆ. ಚಿಗವ್ವನ ಮುಖ ನೋಡಬೇಕಿತ್ತು. “ಅಷ್ಟ್ಯಾಕ…” ಅಂತ ಬಾಯಿ ತೆಗೆದಿದ್ದರು, ಅಷ್ಟರಲ್ಲಿ ಮಗಳು ಎರಡೂವರೆ ಕಡುಬು ಮುಗಿಸಿ ಹುಡುಗರ ಜೊತೆ ಜೋಳದ ಸಾಲಿನೊಳಗೆ ನುಗ್ಗಿಬಿಟ್ಟಳು. ಉಳಿದ ಅರ್ಧಕ್ಕೂ ಇನ್ಸುಲಿನ್ ಮೈಯಲ್ಲಿತ್ತು. ಅರ್ಧ ಕಡುಬು ಕೈಯಲ್ಲಿ ಹಿಡಿದು, “ಏ ನಿಂದರ, ಇದೊಂದು ತಿನ್ನ” ಅಂತ ಕೂಗುತ್ತಾ ನಾನು ಅವಳ ಹಿಂದೆ ಓಡಿದೆ.