ಗೋಡೆ ನೋಡಿದ್ದೀರಾ?

ಸೋಮವಾರ ಬೆಳಿಗ್ಗೆ ನಮ್ಮ ನಾಯಿ ಚಿಕ್ಕಿ ತಟ್ಟೆ ಮೂಸಿಯೂ ನೋಡಲಿಲ್ಲ. ಪಶುವೈದ್ಯರು ಅವಳ ತುಟಿ ಎತ್ತಿ ಒಸಡು ತೋರಿಸಿದರು. ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ಪ್ಲೇಟ್‌ಲೆಟ್ 32 ಸಾವಿರಕ್ಕೆ ಇಳಿದಿತ್ತು. ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಎರ್ಲಿಕಿಯಾ ಜ್ವರ.

"ದಿನಾ ಸಂಜೆ ಕೂತು ಉಣ್ಣೆ ಹೆಕ್ಕಿ ತೆಗೀತೀನಲ್ಲ ಡಾಕ್ಟ್ರೇ," ಅಂದೆ. ಅಳು ಬರುವ ಹಾಗಿತ್ತು.

"ಗೋಡೆ ನೋಡಿದ್ದೀರಾ?" ಅಂದರು, ಸೂಜಿಯಿಂದ ಕಣ್ಣು ತೆಗೆಯದೆ.

ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ನಾಯಿ ಉಣ್ಣೆ ಮೂರು ಸಲ ರಕ್ತ ಕುಡಿಯುತ್ತದೆ, ಮರಿಯಾಗಿ, ಬೆಳೆಯುವಾಗ, ಬೆಳೆದ ಮೇಲೆ. ಪ್ರತಿ ಸಲವೂ ಕುಡಿದು ಉದುರಿ ಗೋಡೆ ಸಂದಿ ಸೇರುತ್ತದೆ. ಒಂದು ಹೆಣ್ಣು ಅಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ತಿಂಗಳುಗಟ್ಟಲೆ ಉಪವಾಸವೂ ಇರಬಲ್ಲದು. ನಾನು ಹೆಕ್ಕಿ ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಿದ್ದದ್ದು ಆ ಸಂಸಾರದ ಒಂದು ಚೂರು ಮಾತ್ರ.

ರಾತ್ರಿ ಟಾರ್ಚ್ ಹಿಡಿದು ಅವಳು ಮಲಗುವ ಜಗಲಿಯ ಗೋಡೆ ನೋಡಿದೆ. ನಮ್ಮದು ಹಳೇ ಮಣ್ಣಿನ ಗೋಡೆ. ಬಿರುಕಿನೊಳಗೆ ಎಳ್ಳು ಸುರಿದ ಹಾಗೆ ಕೂತಿದ್ದವು. ಅದರಿಂದ ಒಂದು ಗೇಣು ದೂರದಲ್ಲಿ ಅವಳ ಗೋಣಿಚೀಲ.

ದನಕ್ಕೆ ಹೊಡೆಯುವ ಔಷಧಿಯನ್ನೇ ನಾಯಿಗೂ ಹಚ್ಚಿ ಅಂತ ಅಂಗಡಿಯವರು ಹಿಂದೆ ಹೇಳಿದ್ದರು. ನೆಕ್ಕುವ ಪ್ರಾಣಿಯ ಮೈಗೆ ಅಳತೆಯಿಲ್ಲದೆ ವಿಷ ಸವರಿ ಅನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಪಕ್ಕದ ಮನೆಯವರು ತಮ್ಮ ನಾಯಿಗೆ ಹಾಕಿ ಮಿಕ್ಕ ಹನಿ ಔಷಧಿಯನ್ನು ನಮ್ಮ ಬೆಕ್ಕಿಗೆ ಹಾಕಲು ಕೊಟ್ಟರು. ಕೊಟ್ಟದ್ದು ಪ್ರೀತಿಯಿಂದಲೇ. ಆದರೆ ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇತ್ತು. ನಾಯಿಗೆ ಸರಿಹೋಗುವ ಆ ಔಷಧಿಯಿಂದ ಬೆಕ್ಕು ನಡುಗಿ ಸೆಟೆದು ಸಾಯಬಹುದು. ಡಾಕ್ಟ್ರು "ಮನೇಲಿ ಬೆಕ್ಕಿದೆಯಾ?" ಅಂತ ಮೊದಲೇ ಕೇಳಿದ್ದರಿಂದ ನಮ್ಮದು ಉಳಿಯಿತು.

ಗೋಡೆ ನೋಡಿದ್ದೀರಾ? ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಅದೇ ಮಾತು. ಹೋದ ವರ್ಷ ಮಗನಿಗೆ ಡೆಂಗಿ ಬಂದಾಗಲೂ ಹೀಗೇ. ರಾತ್ರಿಯಿಡೀ ಹಣೆ ಮುಟ್ಟಿ ಮುಟ್ಟಿ ನೋಡಿದ್ದೆ. ಹಿತ್ತಿಲ ಡ್ರಮ್ಮಿನ ನೀರು ಬಗ್ಗಿ ನೋಡಿದ್ದು ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಮೈ ಮುಟ್ಟಿ ಕೂರುವುದನ್ನೇ ಕಾಪಾಡುವುದು ಅಂದುಕೊಂಡಿದ್ದೆ. ಅಮ್ಮನೂ ನಮ್ಮನ್ನು ಹಾಗೇ ಸಾಕಿದ್ದು.

ಚಿಕ್ಕಿಗೆ ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಒಂದು ಹೊತ್ತೂ ತಪ್ಪುವಂತಿಲ್ಲ. ಇವತ್ತು ಐದನೇ ದಿನ. ಮೊಟ್ಟೆ ಕಲಸಿದ ಅನ್ನದುಂಡೆಯಲ್ಲಿ ಮಾತ್ರೆ ಇಟ್ಟು ಕೊಟ್ಟೆ, ತಿಂದಳು. ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಗೋಣಿಚೀಲ ಸುಟ್ಟಾಯಿತು. ಬಿರುಕು ಮುಚ್ಚಲು ಗಾರೆಯವರು ಭಾನುವಾರ ಬರುತ್ತಾರೆ.