ಸೌತೆಕಾಯಿ ಕಟ್ಟಿದ ಗಾಳ

ಜಪಾನಿನ ಸೆಂಡೈಗೆ ಬಂದ ಹೊಸತು. ಕೆರೆ ದಂಡೆಯ ಫಲಕವೊಂದರ ಮುಂದೆ ನಿಂತೆ. ಅಕ್ಷರ ಒಂದೂ ಗೊತ್ತಿಲ್ಲ. ಚಿತ್ರದಲ್ಲಿ ಆಮೆಯ ಚಿಪ್ಪು, ಹಕ್ಕಿಯ ಕೊಕ್ಕು ಇರುವ ಹಸಿರು ಜೀವಿಯೊಂದು ನೀರಿನಿಂದ ಮೇಲೆದ್ದು ಕೈ ಚಾಚಿತ್ತು. ಓದದೆಯೇ ಅರ್ಥವಾಯಿತು. ತೀರ್ಥಹಳ್ಳಿಯಲ್ಲಿ ಬಾವಿ ಹತ್ತಿರ ಹೋದರೆ ಅಜ್ಜಿ, "ಒಳಗೆ ಗುಮ್ಮ ಇದೆ, ಎಳ್ಕೊಂಡು ಹೋಗ್ತದೆ" ಅಂತಿದ್ದಳಲ್ಲ, ಇದೂ ಅದೇ.

ಇದರ ಹೆಸರು ಕಪ್ಪಾ. ನದಿಯ ಮಗು ಅಂತ ಅರ್ಥ. ಫೋನಿನಲ್ಲಿ ಹೇಳಿದರೆ ಅಮ್ಮ, "ಕಪ್ಪೆಯಾ?" ಅಂದಳು. ಬೆರಳುಗಳ ನಡುವೆ ಕಪ್ಪೆಗಿದ್ದ ಹಾಗೇ ಜಾಲಪೊರೆ ಇದೆ ಎಂದೆ.

ನೆತ್ತಿಯ ಮೇಲೊಂದು ತಟ್ಟೆ, ಅದರ ತುಂಬ ನೀರು. ಕಪ್ಪಾದ ಬಲವೆಲ್ಲ ಆ ನೀರಿನಲ್ಲಿದೆ. ಎದುರಾದರೆ ಓಡಬಾರದು, ತಲೆಬಾಗಿ ವಂದಿಸಬೇಕು. ವಂದಿಸಿದವರಿಗೆ ಮರುವಂದನೆ ಮಾಡದೆ ಇರಲು ಕಪ್ಪಾಗೆ ಆಗುವುದಿಲ್ಲ. ಬಾಗುತ್ತದೆ, ನೀರು ಚೆಲ್ಲುತ್ತದೆ, ಬಲ ಉಡುಗುತ್ತದೆ. ಮರ್ಯಾದೆ ಬಿಡಲಾರದೆ ಸೋಲುವ ಇಂಥ ರಾಕ್ಷಸನನ್ನು ನಾನು ಬೇರೆ ಯಾವ ಕಥೆಯಲ್ಲೂ ಕಂಡಿಲ್ಲ. ಅದಕ್ಕೇ ಇದರ ಮೇಲೆ ಇಷ್ಟು ಪ್ರೀತಿ. ಸೌತೆಕಾಯಿ ಅಂದರೆ ಪ್ರಾಣ. ಸೌತೆಕಾಯಿಯ ಸುಶಿಗೆ ಕಪ್ಪಾಮಕಿ ಎಂಬ ಹೆಸರು ಬಂದದ್ದೂ ಇದರಿಂದಲೇ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಇವಾತೆ ಪ್ರಾಂತ್ಯದ ತೋನೊಗೆ ಕರೆದುಕೊಂಡು ಹೋದೆ. ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ ಈ ಊರಿನ ಕಥೆಗಳನ್ನು ಬರೆದುಕೊಂಡು 1910ರಲ್ಲಿ 'ತೋನೊ ಮೊನೊಗತಾರಿ' ಎಂಬ ಪುಸ್ತಕ ಮಾಡಿದರು. ಅದರಲ್ಲೊಂದು ಕಥೆ: ನೀರಿಗಿಳಿದ ಕುದುರೆಯನ್ನು ಎಳೆಯಹೋದ ಕಪ್ಪಾ ತಾನೇ ಲಾಯದವರೆಗೆ ಎಳೆಸಿಕೊಂಡು ಬಂತು. ಬೋರಲು ಬಿದ್ದ ಮೇವಿನ ತೊಟ್ಟಿಯಡಿ ಅಡಗಿತು, ಆದರೆ ಕೈಯೊಂದು ಹೊರಗೆ ಕಂಡುಬಿಟ್ಟಿತು. ಕೊಲ್ಲುವುದೋ ಬಿಡುವುದೋ ಎಂದು ಊರವರು ಕೂತು ಮಾತಾಡಿದರು. ಇನ್ನು ಮುಂದೆ ಕುದುರೆಗಳ ತಂಟೆಗೆ ಬರುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಿಟ್ಟರು. ತೋನೊದ ಹಳೆಯ ಮನೆಗಳಲ್ಲಿ ಮನುಷ್ಯರಿಗೂ ಕುದುರೆಗೂ ಒಂದೇ ಸೂರು. ಅಂಥದೊಂದು ಮನೆಯೊಳಗೆ ನಿಂತಾಗ ನಮ್ಮನೆ ಹಿಂದಿನ ಕೊಟ್ಟಿಗೆ, ರಾತ್ರಿ ಕೇಳುತ್ತಿದ್ದ ಗಂಟೆ ಸದ್ದು, ಎಲ್ಲ ನೆನಪಾಗಿ ಗಂಟಲು ಕಟ್ಟಿತು.

ಜೊಕೆಂಜಿ ದೇವಸ್ಥಾನದ ಹಿಂದೆ ಕಪ್ಪಾಬುಚಿ, ಅಂದರೆ ಕಪ್ಪಾ ಇರುವ ಹೊಳೆಯ ಮಡು. ದೇವಸ್ಥಾನಕ್ಕೆ ಬೆಂಕಿ ಬಿದ್ದಾಗ ಕಪ್ಪಾ ಬಂದು ಆರಿಸಿತಂತೆ. ಅದಕ್ಕೆ ಇಲ್ಲಿನ ಕಾವಲು ಪ್ರಾಣಿಯ ವಿಗ್ರಹಗಳ ನೆತ್ತಿಯಲ್ಲೂ ಗುಳಿ ಇದೆ. ಹೊಳೆ ಅಂದರೆ ನಮ್ಮ ತೋಟದ ಹಳ್ಳದಷ್ಟೇ. ಮರಗಳ ನೆರಳು, ದಂಡೆಯಲ್ಲಿ ಬಿದಿರಿನ ಗಾಳ, ದಾರದ ತುದಿಗೆ ಸೌತೆಕಾಯಿ. ಕಪ್ಪಾ ಹಿಡಿಯಲು ಇಲ್ಲಿ ಪರವಾನಗಿ ಚೀಟಿಯೂ ಸಿಗುತ್ತದೆ: ಗಾಯ ಮಾಡಕೂಡದು, ತಲೆಯ ನೀರು ಚೆಲ್ಲಕೂಡದು.

ಮಗಳು ಗಾಳ ಹಿಡಿದು ಮಿಸುಕದೆ ಕೂತಳು. ಅಷ್ಟರಲ್ಲಿ ಅಜ್ಜಿಯೊಬ್ಬರು ಬಂದು ತಲೆಬಾಗಿ ನಮಸ್ಕರಿಸಿದರು. ಶಾಲೆಯಲ್ಲಿ ಕಲಿತಂತೆ ಬಾಗಬೇಕಿದ್ದ ಮಗಳು ನೀರಿಗೆ ಬೆನ್ನು ಮಾಡಿ, ಹೊಳೆಯಿಂದ ನಾಲ್ಕು ಹೆಜ್ಜೆ ಈಚೆ ಬಂದು ನಮಸ್ಕಾರ ಮಾಡಿದಳು.

"ಅಲ್ಲೇ ಮಾಡಿದ್ರೆ ಅದೂ ಬಗ್ತಿತ್ತಲ್ಲಮ್ಮ, ನೀರು ಚೆಲ್ಲೋಗ್ತಿತ್ತು."